ಮುದಿ ನಾಯಿಗೆ ಕೊನೆಯ ಇಂಜೆಕ್ಷನ್: ಯಾವಾಗ, ಯಾರ ತೀರ್ಮಾನ?

ಆರಿದ್ರ ಮಳೆ ಹಿಡಿಯಿತೆಂದರೆ ನಮ್ಮ ಕಡೆಯ ಮುದಿ ನಾಯಿಗಳು ಬಚ್ಚಲ ಒಲೆ ಬಿಟ್ಟು ಏಳುವುದಿಲ್ಲ. ಮೊದಲ ವರ್ಷ ಸೋಮಾರಿತನ ಅಂದುಕೊಳ್ಳುತ್ತೇವೆ. ಮರುವರ್ಷ ಹಿಂಗಾಲು ಎಳೆಯಲು ಶುರುವಾಗುತ್ತದೆ. ಅದರ ಮುಂದಿನ ಮಳೆಗಾಲಕ್ಕೆ ಮಲಗಿದಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತದೆ. ಆಗ ಮನೆಯಲ್ಲಿ ಯಾರಾದರೂ ಒಬ್ಬರು ಮೆಲ್ಲಗೆ ಮಾತು ತೆಗೆಯುತ್ತಾರೆ: "ಇದಕ್ಕೆ ಏನಾದ್ರೂ ಮಾಡಬೇಕಲ್ಲ."

ಎಲ್ಲರಿಗೂ ಅರ್ಥವಾಗುತ್ತದೆ. ಯಾರೂ ಉತ್ತರ ಕೊಡುವುದಿಲ್ಲ.

ಈ "ಏನಾದ್ರೂ" ಅನ್ನುವುದು ಏನು ಎಂದು ಬಾಯಿ ಬಿಟ್ಟು ಮಾತಾಡೋಣ ಅಂತ ಈ ಬರಹ. ಮೂಡಿಗೆರೆ, ಕಳಸ, ಕೊಪ್ಪದ ಕಡೆ ತೋಟದ ಮನೆ ಅಂದರೆ ಅಲ್ಲಿ ಎರಡು ಮೂರು ನಾಯಿ ಇದ್ದೇ ಇರುತ್ತವೆ. ಕಣದಲ್ಲಿ ಒಣಗಿದ ಕಾಫಿ ಕಾಯಲು, ಮಂಗ ಓಡಿಸಲು, ರಾತ್ರಿ ಕಾಡುಹಂದಿ ಬಂದರೆ ಬೊಗಳಲು ನಾಯಿಯೇ ಬೇಕು. ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಕಿವಿ ಎಂಬ ನಾಯಿಯ ನೆನಪಿರಬಹುದು. ನಾಯಿ ನಮ್ಮಲ್ಲಿ ಮನೆಯವರ ಪೈಕಿಯೇ. ಆದರೆ ಅದು ಮುದಿಯಾದ ಮೇಲಿನ ಕಥೆಯನ್ನು ನಾವು ಹೇಳುವುದಿಲ್ಲ.

ಆ ಕಥೆ ಹೆಚ್ಚಾಗಿ ಹೀಗಿರುತ್ತದೆ. ಕೆಲವರು ಜೀಪಿನ ಹಿಂದೆ ಹಾಕಿಕೊಂಡು ಹೋಗಿ ಪೇಟೆಯ ಮಾರ್ಕೆಟ್ ಹತ್ತಿರವೋ ಘಾಟಿಯ ತಿರುವಿನಲ್ಲೋ ಬಿಟ್ಟು ಬರುತ್ತಾರೆ. ಕೆಲವರು ಅನ್ನದಲ್ಲಿ ತೋಟದ ವಿಷ ಕಲಸಿ ಇಡುತ್ತಾರೆ. ಕೋವಿ ಇರುವವರನ್ನು ಕರೆಸುವವರೂ ಇದ್ದಾರೆ. ಇನ್ನು ತುಂಬಾ ಜನ ಏನೂ ಮಾಡುವುದಿಲ್ಲ. ಹಳೆಯ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹಾಸಿ ಕಟ್ಟುತ್ತಾರೆ, ದಿನಕ್ಕೊಮ್ಮೆ ಅನ್ನ ಇಡುತ್ತಾರೆ. ಹುಳ ಬಿದ್ದ ಗಾಯ ಕಣ್ಣಿಗೆ ಬೀಳದಂತೆ ಆ ಕಡೆ ಹೋಗುವುದನ್ನೇ ಬಿಡುತ್ತಾರೆ.

ಈ ಕೊನೆಯವರಿಗೆ ತಾವು ಪಾಪದ ಕೆಲಸ ಮಾಡಲಿಲ್ಲ ಎಂಬ ಸಮಾಧಾನ ಇರುತ್ತದೆ. ನನ್ನ ಲೆಕ್ಕದಲ್ಲಿ ಇದೂ ಕೈ ತೊಳೆದುಕೊಳ್ಳುವ ಒಂದು ದಾರಿ, ಅಷ್ಟೇ.

ಕಾನೂನು ಏನು ಹೇಳುತ್ತದೆ ನೋಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಪ್ರಾಣಿಯನ್ನು ಇಟ್ಟುಕೊಂಡವರು ಅದಕ್ಕೆ ಅನಗತ್ಯ ನೋವಾಗದಂತೆ ನೋಡಿಕೊಳ್ಳಬೇಕು. ಹಸಿವು ಬಾಯಾರಿಕೆಯಿಂದ ನರಳುವಂತೆ ಎಲ್ಲೋ ಬಿಟ್ಟು ಬರುವುದು, ಕ್ರೂರವಾಗಿ ಕೊಲ್ಲುವುದು 11ನೇ ಸೆಕ್ಷನ್ ಪ್ರಕಾರ ಅಪರಾಧ. ದಂಡ ಎಷ್ಟು? ಮೊದಲ ಸಲಕ್ಕೆ 10 ರೂಪಾಯಿಯಿಂದ 50 ರೂಪಾಯಿ! ಅಂದರೆ ಕಾನೂನಿಗೆ ಹೆದರಿ ಯಾರೂ ಒಳ್ಳೆಯವರಾಗಬೇಕಿಲ್ಲ. ಇದು ನಮ್ಮ ನಮ್ಮ ಮನಸ್ಸಿಗೆ ಬಿಟ್ಟ ಮಾತು.

ಆದರೆ ಅದೇ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ಕೆಲವು ಸಂದರ್ಭದಲ್ಲಿ ಪ್ರಾಣಿಯನ್ನು ಬದುಕಿಸಿ ಇಡುವುದೇ ಕ್ರೌರ್ಯ ಆಗಬಹುದು ಎಂದು ಅದು ಒಪ್ಪುತ್ತದೆ. ಬೀದಿ ನಾಯಿಗಳಿಗೆ ಸಂಬಂಧಿಸಿದ 2023ರ ನಿಯಮಗಳೂ ವಾಸಿಯಾಗದ ಕಾಯಿಲೆ, ಬದುಕುಳಿಯದಷ್ಟು ಗಾಯ ಇದ್ದರೆ ಪಶುವೈದ್ಯರ ಮೂಲಕ ದಯಾಮರಣಕ್ಕೆ ಅವಕಾಶ ಕೊಟ್ಟಿವೆ. ಹಾಗಾಗಿ ಡಾಕ್ಟರ ಕೈಯಲ್ಲಿ ಇಂಜೆಕ್ಷನ್ ಕೊಡಿಸುವುದು ಕದ್ದು ಮಾಡುವ ಕೆಲಸವಲ್ಲ.

"ಜೀವ ಕೊಟ್ಟವನೇ ತೆಗೆಯಬೇಕು, ನಾವ್ಯಾರು?" ಎಂದು ಕೇಳುವವರಿದ್ದಾರೆ. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಇದೇ ಪ್ರಶ್ನೆ 1928ರಲ್ಲಿ ಸಾಬರಮತಿ ಆಶ್ರಮದಲ್ಲೂ ಎದ್ದಿತ್ತು. ಅಲ್ಲೊಂದು ಕರು ನೆಲ ಹಿಡಿದಿತ್ತು. ಮಗ್ಗುಲು ಬದಲಿಸಿದರೂ ನೋವು. ಚಿಕಿತ್ಸೆ ಮಾಡಿ ನೋಡಿದರು, ಇನ್ನು ಆಸೆ ಇಲ್ಲ ಎಂದು ಡಾಕ್ಟರು ಹೇಳಿದರು. ಗಾಂಧೀಜಿ ಆಶ್ರಮದವರನ್ನು ಕೇಳಿದರು. ಕೊಡಲಾಗದ ಜೀವವನ್ನು ತೆಗೆಯುವ ಹಕ್ಕು ನಮಗಿಲ್ಲ ಎಂಬ ಮಾತು ಅಲ್ಲೂ ಬಂತು. ಕೊನೆಗೆ ಗಾಂಧೀಜಿ ತಾವೇ ಎದುರು ನಿಂತು ಡಾಕ್ಟರಿಂದ ಇಂಜೆಕ್ಷನ್ ಕೊಡಿಸಿದರು. ಎರಡು ನಿಮಿಷದೊಳಗೆ ಮುಗಿಯಿತು. ಅದನ್ನು ಮುಚ್ಚಿಡದೆ 'ನವಜೀವನ' ಪತ್ರಿಕೆಯಲ್ಲಿ ಬರೆದರು. ಸಿಟ್ಟಿನ ಪತ್ರಗಳು ಬಂದವು. ಅಹಿಂಸೆಯ ಮನುಷ್ಯ ಕರು ಕೊಲ್ಲಿಸಿದನೆಂದು ದೇಶವೆಲ್ಲ ಚರ್ಚೆಯಾಯಿತು.

ನಮ್ಮ ಕಡೆಯವರು ಗಮನಿಸಬೇಕಾದ ಸಂಗತಿ ಅದೇ ಬರಹದ ಇನ್ನೊಂದು ಭಾಗದಲ್ಲಿದೆ. ಆಶ್ರಮದ ಬೆಳೆಗೆ ಮಂಗಗಳ ಕಾಟವೂ ಇತ್ತು. ಕರುವಿಗೆ ಇಂಜೆಕ್ಷನ್ ಕೊಡಿಸಿದ್ದು ಹಿಂಸೆಯಲ್ಲ ಎಂದ ಗಾಂಧೀಜಿ, ಬೆಳೆ ಉಳಿಸಲು ಮಂಗ ಕೊಂದರೆ ಅದು ಹಿಂಸೆಯೇ ಎಂದರು. ಯಾಕೆಂದರೆ ಮೊದಲನೆಯದು ಕರುವಿನ ನೋವಿಗಾಗಿ, ಎರಡನೆಯದು ನಮ್ಮ ಲಾಭಕ್ಕಾಗಿ.

ನಾಯಿಯ ವಿಷಯದಲ್ಲೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಯಾರ ತೊಂದರೆ ತಪ್ಪಿಸಲು? ಜಗಲಿ ಗಲೀಜಾಗುತ್ತದೆ, ಮನೆಗೆ ನೆಂಟರು ಬರುತ್ತಾರೆ, ಕೊಯ್ಲಿನ ಸಮಯದಲ್ಲಿ ನೋಡಿಕೊಳ್ಳಲು ಪುರಸೊತ್ತಿಲ್ಲ ಎಂಬ ಕಾರಣಕ್ಕೆ ಡಾಕ್ಟರನ್ನು ಕರೆಯುವುದಾದರೆ ಅದು ದಯೆಯಲ್ಲ. ಕಣ್ಣು ಕಾಣದ, ಕಿವಿ ಕೇಳದ ನಾಯಿ ಮೂಗಿನ ಬಲದ ಮೇಲೆಯೇ ಮನೆಯೆಲ್ಲ ಓಡಾಡಿಕೊಂಡು ಚೆನ್ನಾಗಿರುತ್ತದೆ. ಮುಪ್ಪು ಕಾಯಿಲೆಯಲ್ಲ. ಮುದಿ ನಾಯಿ ಊಟ ಬಿಟ್ಟಿತೆಂದರೆ ಅದು ಸಾಯಲು ಹೊರಟಿದೆ ಎಂದೇ ಅರ್ಥವೂ ಅಲ್ಲ. ಉಣ್ಣೆ ಕಚ್ಚಿ ಬರುವ ಜ್ವರ ಇರಬಹುದು, ಹಲ್ಲು ಕೊಳೆತಿರಬಹುದು. ಇವಕ್ಕೆಲ್ಲ ಮದ್ದು ಇದೆ. ಮೊದಲು ತೋರಿಸಿ, ಆಮೇಲೆ ತೀರ್ಮಾನ.

ಹಾಗಾದರೆ ಸಮಯ ಬಂದಿದೆ ಎಂದು ತಿಳಿಯುವುದು ಹೇಗೆ? ಅಮೆರಿಕದ ಪಶುವೈದ್ಯೆ ಆಲಿಸ್ ವಿಲಲೋಬೋಸ್ ಏಳು ಪ್ರಶ್ನೆಗಳ ಒಂದು ಲೆಕ್ಕ ಮಾಡಿಟ್ಟಿದ್ದಾರೆ. ಎಷ್ಟೋ ದೇಶಗಳಲ್ಲಿ ಡಾಕ್ಟರು ಇದನ್ನೇ ಬಳಸುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ:

1. ನೋವು ಹಿಡಿತದಲ್ಲಿದೆಯೇ? ಉಸಿರಾಟ ಸರಾಗವಾಗಿದೆಯೇ?
2. ತಾನಾಗಿ ತಿನ್ನುತ್ತದೆಯೇ? ಕೈಯಲ್ಲಿ ಕೊಟ್ಟರಾದರೂ ತಿನ್ನುತ್ತದೆಯೇ?
3. ಸಾಕಷ್ಟು ನೀರು ಕುಡಿಯುತ್ತದೆಯೇ?
4. ಮೈ ಒಣಗಿ ಚೊಕ್ಕಟವಾಗಿದೆಯೇ, ಹುಣ್ಣಾಗಿದೆಯೇ?
5. ಕರೆದರೆ ಬಾಲ ಆಡಿಸುತ್ತದೆಯೇ? ಮನೆಯವರನ್ನು ಕಂಡರೆ ಖುಷಿ ಇದೆಯೇ?
6. ಎದ್ದು ನಾಲ್ಕು ಹೆಜ್ಜೆ ಹಾಕುತ್ತದೆಯೇ? ಎತ್ತಿ ನಿಲ್ಲಿಸಿದರಾದರೂ?
7. ಒಳ್ಳೆಯ ದಿನ ಜಾಸ್ತಿಯೋ, ಕೆಟ್ಟ ದಿನ ಜಾಸ್ತಿಯೋ?

ಒಂದೊಂದಕ್ಕೂ 0ಯಿಂದ 10ರವರೆಗೆ ಅಂಕ. ಒಟ್ಟು 70. ನಾಯಿ ಚೆನ್ನಾಗಿದ್ದಷ್ಟೂ ಅಂಕ ಹೆಚ್ಚು. 35ಕ್ಕಿಂತ ಮೇಲಿದ್ದರೆ ಆರೈಕೆ ಮಾಡುತ್ತಾ ಹೋಗಬಹುದು, ಕೆಳಗಿಳಿದರೆ ಡಾಕ್ಟರ ಹತ್ತಿರ ಮಾತಾಡಬೇಕು. ಅಂಕ ಹಾಕಲು ಬೇಜಾರಾದರೆ ಏಳನೆಯದನ್ನಾದರೂ ಮಾಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಕೆಟ್ಟ ದಿನಕ್ಕೊಂದು ಗೀಟು ಎಳೆಯಿರಿ. ತಿಂಗಳ ಕೊನೆಗೆ ನೋಡಿದರೆ ಯಾರೂ ವಾದ ಮಾಡಬೇಕಿಲ್ಲ. ನೆನಪು ನಮಗೆ ಬೇಕಾದ ಹಾಗೆ ಹೇಳುತ್ತದೆ, ಗೀಟು ಹಾಗಲ್ಲ.

ಇನ್ನು ತೀರ್ಮಾನ ಯಾರದ್ದು ಎಂಬುದು. ಇಲ್ಲೇ ನಮ್ಮ ಮನೆಗಳಲ್ಲಿ ಜಗಳ ಆಗುವುದು. ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ. ವಿಡಿಯೋ ಕಾಲ್‌ನಲ್ಲಿ ನಾಯಿಯ ಮುಖ ನೋಡಿ "ಅಮ್ಮ, ಏನೂ ಮಾಡಬೇಡಿ, ನಾವು ಬರೋವರೆಗೂ ಉಳಿಸ್ಕೊಳ್ಳಿ" ಅನ್ನುತ್ತಾರೆ. ಫೋನಿನಲ್ಲಿ ವಾಸನೆ ಬರುವುದಿಲ್ಲ. ರಾತ್ರಿ ಎರಡು ಗಂಟೆಗೆ ಕುಯ್ಯೋ ಅನ್ನುವುದು ಕೇಳುವುದಿಲ್ಲ. ಅರವತ್ತೈದು ದಾಟಿದ, ಮಂಡಿ ನೋವಿರುವ ಅಮ್ಮ ಆ ಇಪ್ಪತ್ತೈದು ಕೆ.ಜಿ. ನಾಯಿಯನ್ನು ದಿನಕ್ಕೆ ನಾಲ್ಕು ಸಲ ಹೊರಗೆ ಎಳೆದುಕೊಂಡು ಹೋಗುವುದು ಕಾಣುವುದಿಲ್ಲ.

ಇನ್ನು ಕೆಲವು ತೋಟಗಳಲ್ಲಿ ಸಾಹುಕಾರರು ಬರುವುದೇ ಕೊಯ್ಲಿಗೆ. ನಾಯಿಗೆ ಗಂಜಿ ಹಾಕುವವರು ಲೈನ್ ಮನೆಯವರು. ನಾಯಿ ಯಾರ ಹೆಜ್ಜೆ ಸಪ್ಪಳಕ್ಕೆ ತಲೆ ಎತ್ತುತ್ತದೆ ಎಂದು ನೋಡಿದರೆ ಅದರ ಯಜಮಾನರು ಯಾರೆಂದು ಗೊತ್ತಾಗುತ್ತದೆ. ಆದರೆ ಅವರನ್ನು ಯಾರೂ ಕೇಳುವುದಿಲ್ಲ. ಹೇಳಿದರೆ "ನಿಂಗ್ಯಾಕೆ ಅದೆಲ್ಲ" ಅನ್ನಿಸಿಕೊಳ್ಳಬೇಕು.

ನನ್ನ ಅಭಿಪ್ರಾಯ ಇಷ್ಟು. ಅನ್ನ ಹಾಕಿ, ಹೇಲು ಉಚ್ಚೆ ಬಳಿಯುವ ಕೈಯ ಮಾತು ಮೊದಲು ಕೇಳಬೇಕು. ಡಾಕ್ಟರು ಕಾಯಿಲೆ ಏನು, ವಾಸಿಯಾಗುತ್ತದೋ ಇಲ್ಲವೋ ಹೇಳಬೇಕು. ದೂರದಲ್ಲಿರುವವರು ದುಡ್ಡು ಕಳಿಸಬಹುದು, ಅಳಬಹುದು, ಬಂದು ನೋಡಿ ಹೋಗಬಹುದು. ಆದರೆ ತಾವು ಹೊರದ ಭಾರಕ್ಕೆ ತಾರೀಖು ಗೊತ್ತು ಮಾಡಬಾರದು. ದೀಪಾವಳಿಗೆ ಬರುತ್ತೇವೆ ಅಂದರೆ ಆಶ್ಲೇಷ ಮಳೆಯಿಂದ ದೀಪಾವಳಿವರೆಗೆ ನರಳುವುದು ನಾಯಿ.

"ಒಂದು ವಾರ ಮೊದಲೇ ಮಾಡಿಬಿಟ್ಟೆವೇನೋ" ಎಂಬ ಸಂಕಟ ಎಲ್ಲರಿಗೂ ಬರುತ್ತದೆ. ಆ ಸಂಕಟವನ್ನು ನಾವು ಹೊರಬಹುದು. ಒಂದು ವಾರ ತಡವಾದರೆ ಹೊರುವುದು ನಾಯಿ.

ಇಂಜೆಕ್ಷನ್ ಎಂದರೆ ಏನು ಎಂಬ ಭಯ ತುಂಬಾ ಜನರಿಗಿದೆ. ಸರಿಯಾಗಿ ಮಾಡಿದರೆ ಮೊದಲು ಮಂಪರು ಬರಿಸುತ್ತಾರೆ. ನಾಯಿ ನಿದ್ದೆಗೆ ಹೋದ ಮೇಲೆ ಅರಿವಳಿಕೆ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ನರಕ್ಕೆ ಕೊಡುತ್ತಾರೆ. ಕೆಲವೇ ನಿಮಿಷದಲ್ಲಿ ಉಸಿರು, ಎದೆಬಡಿತ ನಿಲ್ಲುತ್ತದೆ. ಕಣ್ಣು ತೆರೆದೇ ಇರಬಹುದು, ಮೈ ಒಮ್ಮೆ ಅದುರಬಹುದು, ಉಚ್ಚೆ ಹೋಗಬಹುದು. ಅದು ನೋವಿನಿಂದ ಅಲ್ಲ. ಮೊದಲೇ ತಿಳಿದಿದ್ದರೆ ಗಾಬರಿ ಇರುವುದಿಲ್ಲ. ಮಂಪರು ಕೊಡದೆ ನೇರ ಚುಚ್ಚಲು ಬಂದರೆ "ಸಾರ್, ಮೊದಲು ನಿದ್ದೆಗೆ ಕೊಡಿ" ಎಂದು ಕೇಳುವ ಹಕ್ಕು ನಿಮಗಿದೆ. ಸಾಧ್ಯವಾದರೆ ಹತ್ತಿರ ಕೂತು ತಲೆ ನೇವರಿಸಿ. ಗುರುತಿನ ಕೈ ಇದ್ದರೆ ಅದಕ್ಕೆ ಹೆದರಿಕೆ ಕಮ್ಮಿ.

ಮನಸ್ಸೋ ಧರ್ಮವೋ ಒಪ್ಪದವರಿದ್ದಾರೆ. ಕಳಸದ ಕಡೆ ಜೈನ ಮನೆಗಳಿವೆ, ಬೇರೆಯವರಲ್ಲೂ ಒಪ್ಪದವರು ಬೇಕಾದಷ್ಟು. ಅವರನ್ನು ತಪ್ಪು ಎನ್ನಲಾರೆ. ಆದರೆ ಇಂಜೆಕ್ಷನ್ ಬೇಡ ಅಂದವರಿಗೆ ಕೆಲಸ ಹೆಚ್ಚು. ನೋವಿನ ಮದ್ದು ಡಾಕ್ಟರನ್ನು ಕೇಳಿಯೇ ಕೊಡಬೇಕು. ನಾವು ನುಂಗುವ ನೋವಿನ ಮಾತ್ರೆ ನಾಯಿಯ ಹೊಟ್ಟೆ, ಕಿಡ್ನಿ ಹಾಳು ಮಾಡುತ್ತದೆ. ದಪ್ಪ ಹಾಸಿಗೆ ಬೇಕು, ದಿನಕ್ಕೆ ಹಲವು ಸಲ ಮಗ್ಗುಲು ಬದಲಿಸಬೇಕು, ಗಾಯಕ್ಕೆ ನೊಣ ಕೂರದಂತೆ ನೋಡಬೇಕು. ಇಷ್ಟು ಮಾಡಿ ಬೇಡ ಅನ್ನುವವರಿಗೆ ಕೈ ಮುಗಿಯುತ್ತೇನೆ. ಏನೂ ಮಾಡದೆ ಬೇಡ ಅನ್ನುವವರಿಗೆ ಮಾತ್ರ ಮುಗಿಯಲಾರೆ.

ಮಣ್ಣು ಮಾಡುವ ವಿಷಯ ಮರೆಯಬೇಡಿ. ಔಷಧ ಸತ್ತ ಮೈಯಲ್ಲಿ ಉಳಿದಿರುತ್ತದೆ. ಹಳ್ಳಕ್ಕೋ ಕಾಡಂಚಿಗೋ ಎಸೆದರೆ, ತಿಂದ ನರಿ, ಹದ್ದು, ಇನ್ನೊಂದು ನಾಯಿಯೂ ಸಾಯಬಹುದು. ಬಾವಿ, ಹಳ್ಳದಿಂದ ದೂರ, ನಾಲ್ಕು ಅಡಿಗಿಂತ ಆಳಕ್ಕೆ ಗುಂಡಿ ತೆಗೆದು, ಹಂದಿ ಅಗೆಯದಂತೆ ಮೇಲೆ ಕಲ್ಲು ಹೇರಿ. ಹುಚ್ಚು ನಾಯಿಯ ಲಕ್ಷಣ ಇದ್ದರೆ ಮಾತ್ರ ಈ ಲೆಕ್ಕವೆಲ್ಲ ಇಲ್ಲ. ಮುಟ್ಟಬೇಡಿ, ಡಾಕ್ಟರಿಗೆ ತಿಳಿಸಿ. ಕಚ್ಚಿದ್ದರೆ ಗಾಯವನ್ನು ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಕೊನೆಗೆ ಇಲಾಖೆಗೊಂದು ಮಾತು. ಜನ ವಿಷ, ಕೋವಿಯ ದಾರಿ ಹಿಡಿಯುವುದು ಎಲ್ಲರೂ ಕಟುಕರು ಅಂತಲ್ಲ. ಎದ್ದು ನಿಲ್ಲಲಾರದ ನಾಯಿಯನ್ನು ಮಳೆಯಲ್ಲಿ ಜೀಪು ಮಾಡಿಕೊಂಡು ಪೇಟೆಗೆ ತರಬೇಕು, ತಂದರೆ ಡಾಕ್ಟರು ದನ ನೋಡಲು ಹಳ್ಳಿಗೆ ಹೋಗಿರುತ್ತಾರೆ. ದೊಡ್ಡ ಆಸ್ಪತ್ರೆ ಬೇಕೆಂದರೆ ಶಿವಮೊಗ್ಗ ಅಥವಾ ಹಾಸನದ ಪಶುವೈದ್ಯಕೀಯ ಕಾಲೇಜು. 1962ಕ್ಕೆ ಫೋನ್ ಮಾಡಿದರೆ ಮನೆ ಬಾಗಿಲಿಗೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನವಿದೆ. ಅದರ ಮುಖ್ಯ ಕೆಲಸ ಜಾನುವಾರು, ಸರಿ. ಆದರೆ ಅದೇ ದಾರಿಯಲ್ಲಿ ಹೋಗುವಾಗ ಒಂದು ಮುದಿ ನಾಯಿಯ ನೋವು ತೀರಿಸಿ ಬರುವುದಕ್ಕೂ ಅವಕಾಶ ಇರಲಿ. ಪ್ರತಿ ಪಶು ಆಸ್ಪತ್ರೆಯ ಗೋಡೆಯ ಮೇಲೆ ಒಂದು ಬೋರ್ಡು ಹಾಕಲಿ: ದಯಾಮರಣ ಯಾವ ಸಂದರ್ಭದಲ್ಲಿ, ಖರ್ಚೆಷ್ಟು, ಯಾವ ದಿನ ಮನೆಗೆ ಬರುತ್ತಾರೆ. ಕೇಳಲು ನಾಚಿಕೆಪಡುವವರು ಓದಿಕೊಳ್ಳುತ್ತಾರೆ.

ಈ ಮಳೆಗಾಲದಲ್ಲಿ ನಿಮ್ಮ ಬಚ್ಚಲ ಒಲೆಯ ಹತ್ತಿರವೂ ಒಂದು ಮುದಿ ನಾಯಿ ಮಲಗಿರಬಹುದು. ಇವತ್ತು ಸಂಜೆ ಹತ್ತಿರ ಕೂತು ಆ ಏಳು ಪ್ರಶ್ನೆ ಕೇಳಿ ನೋಡಿ. ಉತ್ತರ ಚೆನ್ನಾಗಿದ್ದರೆ ಇನ್ನೊಂದು ಗೋಣಿ ಹಾಸಿ, ಬಿಸಿ ಗಂಜಿ ಕೊಡಿ. ಚೆನ್ನಾಗಿಲ್ಲದಿದ್ದರೆ ಮನೆಯವರನ್ನೆಲ್ಲ ಕೂರಿಸಿ, ಅನ್ನ ಹಾಕುವವರನ್ನು ಮೊದಲು ಮಾತಾಡಲು ಬಿಡಿ. ಡಾಕ್ಟರಿಗೆ ನಾಳೆ ಬೆಳಿಗ್ಗೆಯೇ ಫೋನ್ ಮಾಡಿ.