ದೊಡ್ಡಾಣೆಯ ಹೆಣ್ಣಿಗೆ ಬೇಕಾದ ಸಂಶೋಧನೆ

ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ದೊಡ್ಡಾಣೆ ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಊರು. 2022ರಲ್ಲಿ ಅಲ್ಲಿನ ಬಸುರಿಯೊಬ್ಬರಿಗೆ ನೋವು ಕಾಣಿಸಿಕೊಂಡಾಗ ಊರವರು ಕೋಲಿಗೆ ಬಟ್ಟೆ ಕಟ್ಟಿ ಡೋಲಿ ಮಾಡಿ, ಸುಳ್ವಾಡಿಯ ಆಸ್ಪತ್ರೆಯತ್ತ ಮೈಲಿಗಟ್ಟಲೆ ಹೊತ್ತು ನಡೆದರು. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಮುಂದೆ ಅರಣ್ಯ ಇಲಾಖೆ ಇಂಥ ಊರುಗಳಿಗೆ ಜೀಪು ಬಿಟ್ಟಿತು. ಜೀಪು ಬೇಕೇ ಬೇಕು. ಆದರೆ ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ಗಟ್ಟಿಮುಟ್ಟಾದ ಹೆಂಗಸು ಕೂಡ ಎರಡು ಗಂಟೆಯೊಳಗೆ ತೀರಿಕೊಳ್ಳಬಹುದು. ಮಳೆಗಾಲದ ಕಾಡುದಾರಿಯಲ್ಲಿ ಎರಡು ಗಂಟೆ ಯಾವ ಲೆಕ್ಕ?

ಈ ಪ್ರಶ್ನೆಗೆ ಉತ್ತರ ಹುಡುಕಿದ ಸಂಶೋಧನೆ ನಮ್ಮ ರಾಜ್ಯದಲ್ಲೇ ನಡೆದಿದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಂದಿಗೆ ಸೇರಿ 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ಅಧ್ಯಯನ ನಡೆಸಿದರು. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು, ಕೊಡಲು ನುರಿತ ಕೈ ಬೇಕು. ಮಿಸೊಪ್ರೊಸ್ಟಾಲ್ ಮಾತ್ರೆಗೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಮಾಡಿಸುವ ಎಎನ್‌ಎಂ ಸಿಸ್ಟರ್ ಆ ಮಾತ್ರೆ ಕೊಟ್ಟರೆ ಏನಾಗುತ್ತದೆ ಎಂದು ಅವರು ನೋಡಿದರು. ಹೆಚ್ಚು ರಕ್ತ ಹೋಗುವವರ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಾತ್ರೆಯನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಮಾತ್ರೆ ಹೊಸದೇನಲ್ಲ, ಹೊಟ್ಟೆಹುಣ್ಣಿಗೆಂದು ಮೊದಲೇ ಬಳಕೆಯಲ್ಲಿತ್ತು. ಕರೆಂಟಿಲ್ಲದ, ಡಾಕ್ಟರಿಲ್ಲದ ಮನೆಯ ಬಾಣಂತಿಯನ್ನು ಎದುರಿಗಿಟ್ಟುಕೊಂಡು ಯೋಚಿಸಿದ್ದು ಹೊಸದು. ಕೊಳ್ಳೇಗಾಲ, ಹನೂರು, ಯಳಂದೂರಿಗೆ ಬೇಕಾಗಿರುವುದು ಇಂಥದೇ ಯೋಚನೆ.

ಹೆಂಗಸರ ಬಸಿರಿನ ಬಗ್ಗೆ ಹಿಂದೆ ಕೇಳಿದ ಪ್ರಶ್ನೆಗಳೆಲ್ಲ ಹೀಗಿರಲಿಲ್ಲ. 1930ರಲ್ಲಿ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆಯಲು ಆದೇಶಿಸಿ ದೇಶಕ್ಕೇ ಮೇಲ್ಪಂಕ್ತಿಯಾಯಿತು. (ಕೊಳ್ಳೇಗಾಲದ ಹೆಂಗಸರು ಆ ಲೆಕ್ಕದಲ್ಲಿರಲಿಲ್ಲ. 1956ರವರೆಗೂ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರಿನದು.) 1952ರ ಹೊತ್ತಿಗೆ ರಾಮನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಇನ್ನೊಂದು ಪ್ರಯೋಗ ನಡೆಯಿತು. ಬಸಿರು ನಿಲ್ಲುವ ದಿನ, ನಿಲ್ಲದ ದಿನ ಎಂದು ಗುರುತಿಸಲು ಹೆಂಗಸರ ಕೈಗೆ ಬಣ್ಣದ ಮಣಿಸರ ಕೊಟ್ಟರು. ಪ್ರಯೋಗ ಫಲಿಸಲಿಲ್ಲ. ಜನಸಂಖ್ಯೆ ಇಳಿಸುವುದು ಹೇಗೆ ಎಂಬುದು ಸರ್ಕಾರದ ಚಿಂತೆಯಾಗಿತ್ತು. ಆ ಹೆಂಗಸರ ಸೊಂಟನೋವು, ಬಿಳಿ ಸೆರಗು, ಮುಟ್ಟಿನ ಏರುಪೇರು ಆ ಚಿಂತೆಯೊಳಗೆ ಬರಲಿಲ್ಲ.

ಅದನ್ನು ಕೇಳಿದವರು ಮಹಾರಾಷ್ಟ್ರದ ಗಡ್‌ಚಿರೋಲಿಯ ಡಾ. ರಾಣಿ ಬಂಗ್. ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಅವರ ತಂಡ ಪ್ರಕಟಿಸಿದ ವರದಿ ಜಗತ್ತಿನ ಕಣ್ಣು ತೆರೆಸಿತು. ಶೇ 92ರಷ್ಟು ಹೆಂಗಸರಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೂ ಮೊದಲು ಒಮ್ಮೆಯಾದರೂ ವೈದ್ಯರಿಂದ ಆ ಬಗೆಯ ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇ 8 ಮಾತ್ರ. ಹೇಳಿಕೊಳ್ಳಲಾಗದ ನೋವು ವರ್ಷಗಟ್ಟಲೆ ಉಳಿದರೆ ಕೊನೆಗೆ ‘ಗರ್ಭಕೋಶ ತೆಗೆಸಿಬಿಡಿ’ ಎಂಬ ಮಾತಿಗೆ ಹೆಣ್ಣು ತಲೆಯಾಡಿಸುತ್ತಾಳೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರು ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ವಿರುದ್ಧ ಬೀದಿಗಿಳಿದಿದ್ದು ಇದೇ ಕಾರಣಕ್ಕೆ. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಸ್ತ್ರಚಿಕಿತ್ಸೆಗಳಿಗೆ ಕಡಿವಾಣ ಹಾಕುವ ಮಾರ್ಗಸೂಚಿಗಳನ್ನು ಜಾರಿಗೆ ತರುವಂತೆ ರಾಜ್ಯಗಳಿಗೆ ಹೇಳಬೇಕಾಯಿತು.

ಇನ್ನು ಬಿಳಿಗಿರಿರಂಗನ ಬೆಟ್ಟಕ್ಕೆ ಬರೋಣ. 1981ರಲ್ಲಿ ಡಾ. ಎಚ್. ಸುದರ್ಶನ್ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಅವರ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರದಿಂದ ನಡೆಸಲು ವಹಿಸಿಕೊಂಡಿತು. ಅವರು ಕೆಲಸ ಮಾಡಿದ ಈ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಮೂಳೆ ಮೂಳೆಯೂ ನೋಯುವಂತೆ ಮಾಡುತ್ತದೆ. ಇದು ಹುಟ್ಟಿನಿಂದ ಬರುವ ರೋಗ. ತಾಯಿ ತಂದೆ ಇಬ್ಬರಲ್ಲೂ ಅದರ ಅಂಶವಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಂಭವ.

ಬಸಿರಾದಾಗ ಈ ಕಾಯಿಲೆ ಇನ್ನೂ ಕಾಡುತ್ತದೆ. ರಕ್ತ ಮತ್ತಷ್ಟು ಇಳಿಯುತ್ತದೆ, ನೋವು ಮರುಕಳಿಸುತ್ತದೆ, ರಕ್ತದೊತ್ತಡ ಏರಬಹುದು, ಮಗು ತೂಕವಿಲ್ಲದೆ ಹುಟ್ಟಬಹುದು. ‘ರಕ್ತ ಕಮ್ಮಿ ಇದೆ’ ಎಂದು ಕಬ್ಬಿಣದ ಮಾತ್ರೆಯ ಚೀಟಿ ಬರೆದು ಕಳಿಸಿದರೆ ಬಾಗಿದ ಕಣ ನೆಟ್ಟಗಾಗುವುದಿಲ್ಲ. ಕಾಯಿಲೆಯನ್ನು ಹಿಡಿತದಲ್ಲಿಡುವ ಹೈಡ್ರಾಕ್ಸಿಯೂರಿಯಾ ಮಾತ್ರೆಯನ್ನು ಬಸಿರಿನಲ್ಲಿ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಹಾಗಾದರೆ ಆ ಒಂಬತ್ತು ತಿಂಗಳು ಏನು ಮಾಡಬೇಕು? ಈ ಬಗ್ಗೆ ಜಗತ್ತಿನ ತಿಳಿವಳಿಕೆಯ ಬಹುಪಾಲು ಆಫ್ರಿಕಾ ಮೂಲದ ಹೆಂಗಸರಿಂದ ಬಂದದ್ದು. ಭಾರತದಲ್ಲಿ ಹೆಚ್ಚಾಗಿ ಕಾಣುವ ಸಿಕಲ್ ಸೆಲ್‌ನ ವಂಶವಾಹಿ ಬಗೆಯೇ ಬೇರೆ. ಅಲ್ಲಿನ ಉತ್ತರವನ್ನು ತಂದು ಪೋಡಿನ (ಸೋಲಿಗರ ಹಾಡಿಯ) ಹೆಣ್ಣಿಗೆ ಹಾಗೇ ಹಚ್ಚಲು ಬರುವುದಿಲ್ಲ. ಬಸುರಿ ಸೋಲಿಗ ಹೆಂಗಸರನ್ನು ಮೊದಲ ತಿಂಗಳಿಂದ ಬಾಣಂತನ ಮುಗಿಯುವವರೆಗೆ ಜತನದಿಂದ ಗಮನಿಸುವ ಅಧ್ಯಯನ ಇಲ್ಲೇ ನಡೆಯಬೇಕು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆಯ ಗುರಿ ಇಟ್ಟುಕೊಂಡಿದೆ. ಪರೀಕ್ಷೆ ಮಾಡಿ ಕಾರ್ಡು ಕೊಟ್ಟರೆ ಅರ್ಧ ಕೆಲಸ. ಆ ಕಾರ್ಡು ಮದುವೆಯ ಮಾತಿನಲ್ಲಿ ಹುಡುಗಿಯ ಮೇಲಷ್ಟೇ ಕಳಂಕವಾಗಿ ಕೂರದಂತೆ ನೋಡಿಕೊಳ್ಳುವುದೂ ಅಭಿಯಾನದ ಹೊಣೆಯೇ.

ಸೋಲಿಗರಿಂದ ವೈದ್ಯಲೋಕ ಕಲಿಯುವುದೂ ಇದೆ. ಅವರ ಹೆಂಗಸರು ಹಿಂದಿನಿಂದಲೂ ಕುಕ್ಕರುಗಾಲಲ್ಲಿ ಕೂತು ಹೆರುತ್ತಿದ್ದರು. ಆಸ್ಪತ್ರೆಗಳು ಅಂಗಾತ ಮಲಗಿಸುವುದನ್ನೇ ಸರಿ ಎಂದು ಸಾಧಿಸುತ್ತ ಬಂದವು. ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2017ರ ಕಾಕ್ರೇನ್ ಪರಿಶೀಲನೆ, ನೆಟ್ಟಗಿರುವ ಭಂಗಿಗಳಲ್ಲಿ ಉಪಕರಣ ಹಾಕಿ ಮಗು ತೆಗೆಯುವುದೂ ಹೆರಿಗೆಯ ದಾರಿ ಅಗಲಿಸಲು ಕೊಯ್ಯುವುದೂ ಕಡಿಮೆಯಾಗುತ್ತದೆ, ಆದರೆ ರಕ್ತ ಸ್ವಲ್ಪ ಹೆಚ್ಚು ಹೋಗಬಹುದು ಎಂದಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರುವ ಭಂಗಿಯ ಆಯ್ಕೆಯನ್ನು ಹೆಣ್ಣಿಗೇ ಬಿಡಿ ಎಂದಿತು. ಸೂಲಗಿತ್ತಿಯರನ್ನು ಅಜ್ಞಾನಿಗಳೆಂದು ಬದಿಗೆ ಸರಿಸಿದವರು ಈ ಎರಡು ದಾಖಲೆಗಳನ್ನಾದರೂ ಓದಬೇಕು.

ಸಂಶೋಧನೆ ಬೇಕು ಎನ್ನುವವರು ಈಗ ತೆಲಂಗಾಣದಲ್ಲಿರುವ ಖಮ್ಮಂ ಜಿಲ್ಲೆಯನ್ನು ಮರೆಯಬಾರದು. 2009ರಲ್ಲಿ ಅಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು. ಅನೇಕರು ಬುಡಕಟ್ಟಿನ ಮಕ್ಕಳು. ಎಷ್ಟೋ ಕಡೆ ಹಾಸ್ಟೆಲ್ ವಾರ್ಡನ್‌ಗಳೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. 2010ರಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೇ. ತಾಯಿಯನ್ನು ಕೇಳದೆ ಮಗಳಿಗೆ ಸೂಜಿ ಚುಚ್ಚಿದ್ದು ತಪ್ಪು, ಒಳ್ಳೆಯ ಲಸಿಕೆಯ ಮೇಲೂ ಜನರ ನಂಬಿಕೆ ಅಲ್ಲಾಡಿದ್ದು ಅದರ ಬೆಲೆ.

ನಂಬಿಕೆ ಉಳಿಸಿಕೊಂಡರೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಸಾಕ್ಷಿ. 1997–98ರಲ್ಲಿ ಅಲ್ಲಿ ಬಸುರಿಯರಿಂದ ಶುರುವಾದ ಪಾರ್ಥೆನಾನ್ ಅಧ್ಯಯನ ಅವರ ಮಕ್ಕಳು ದೊಡ್ಡವರಾಗುವವರೆಗೂ ನಡೆಯಿತು. ಆ ತಾಯಂದಿರಲ್ಲಿ ಶೇ 43 ಮಂದಿಗೆ ಬಿ12 ಜೀವಸತ್ವದ ಕೊರತೆ ಇತ್ತೆಂದೂ ಅಂಥವರಲ್ಲಿ ಬಸಿರಿನ ಸಕ್ಕರೆ ಕಾಯಿಲೆ ಹೆಚ್ಚೆಂದೂ ಅದರಿಂದ ತಿಳಿಯಿತು. ಕುಟುಂಬಗಳು ವರ್ಷಾನುಗಟ್ಟಲೆ ಮತ್ತೆ ಮತ್ತೆ ಬಂದಿದ್ದರಿಂದ ಮಾತ್ರ ಇದು ಸಾಧ್ಯವಾಯಿತು.

ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅದು ತನ್ನ ಜಿಲ್ಲೆಯ ಸಿಕಲ್ ಸೆಲ್ ಬಸುರಿಯರ ಅಧ್ಯಯನವನ್ನು ಕೈಗೆತ್ತಿಕೊಳ್ಳಲಿ. ಹನೂರಿನ ಕಾಡೂರುಗಳಲ್ಲಿ ಹೆಂಗಸರು ತಾವೇ ಮಾದರಿ ತೆಗೆದುಕೊಡಬಹುದಾದ ಎಚ್‌ಪಿವಿ ಪರೀಕ್ಷೆಯನ್ನು ಆಶಾ ಕಾರ್ಯಕರ್ತೆಯರ ಮೂಲಕ ಮಾಡಿ ನೋಡಲಿ. ಮುಜುಗರವೂ ಕಡಿಮೆ, ಬಸ್ಸಿನ ಖರ್ಚೂ ಉಳಿಯುತ್ತದೆ. ನೈತಿಕ ಸಮಿತಿಯಲ್ಲಿ ಸೋಲಿಗ ಹೆಂಗಸೊಬ್ಬರು ಕೂರಲಿ. ಬುಡಕಟ್ಟಿನವರ ನಡುವೆ ಸಂಶೋಧನೆ ಮಾಡುವವರಿಗೆ ಆ ಸಮುದಾಯದ ಅಭಿಪ್ರಾಯವೂ ಮುಖ್ಯ, ಒಪ್ಪಿಗೆ ಜನರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ.

ಪೋಡಿಗೋ ಹಟ್ಟಿಗೋ ರಕ್ತ ತೆಗೆಯಲು ತಂಡ ಬಂದರೆ ತಾಯಂದಿರು ಹಿಂಜರಿಯದೆ ಮೂರು ಮಾತು ಕೇಳಬೇಕು: ಇದು ಯಾತಕ್ಕೆ, ಬೇಡ ಅಂದರೆ ಏನಾಗುತ್ತದೆ, ಏನು ಗೊತ್ತಾಯಿತು ಎಂದು ಯಾವ ದಿನ ಬಂದು ಹೇಳುತ್ತೀರಿ?