ಗುಳಿಗೆಯೂ ಗಿಡಮೂಲಿಕೆಯೂ

ವಿಜಯಪುರ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಮಹಾರಾಷ್ಟ್ರದ ಸೀಮೆಗೆ ಹತ್ತಿಕೊಂಡಿರುವ ಚಡಚಣವು ಅರಿವೆಯ ವ್ಯಾಪಾರಕ್ಕೂ ಸಂಗಮೇಶ್ವರ ಜಾತ್ರೆಗೂ ಹೆಸರಾದ ಪೇಟೆ. ಅಲ್ಲಿಯ ಜನರಿಗೆ ದೊಡ್ಡ ಬೇನೆ ಬಂದರೆ ಒಂದು ಕಡೆಗೆ ವಿಜಯಪುರದ ದವಾಖಾನೆಗಳುಂಟು, ಇನ್ನೊಂದು ಕಡೆಗೆ ಸೊಲ್ಲಾಪುರದ ದವಾಖಾನೆಗಳುಂಟು. ಸಣ್ಣ ಬೇನೆಗೆ ಊರಿನ ವೈದ್ಯರುಂಟು. ಸಂತೆ ಜಾತ್ರೆಗಳಲ್ಲಿ ಬೇರು-ಚೂರ್ಣ ಮಾರುವವರುಂಟು. ಈಗ ಮೊಬೈಲಿನ ಮೂಲಕ ಮನೆಯ ಬಾಗಿಲಿಗೇ ಬರುವ ಡಬ್ಬಿಗಳೂ ಉಂಟು. ಇಷ್ಟು ದಾರಿಗಳಿಂದ ಬಂದ ಔಷಧಗಳು ಒಂದೇ ಹೊಟ್ಟೆಯನ್ನು ಸೇರಿದ ಮೇಲೆ ತಮ್ಮೊಳಗೆ ಏನು ಮಾಡಿಕೊಳ್ಳುತ್ತವೆಂಬುದನ್ನು ವಿಚಾರಿಸುವವರಾರು? ಈ ಪ್ರಶ್ನೆಯು ಚಡಚಣವೊಂದರದೇ ಅಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿಯೂ, ಇಡಿಯ ನಾಡಿನಲ್ಲಿಯೂ ಅದು ಉತ್ತರವಿಲ್ಲದೆ ಉಳಿದಿದೆ.

ಈ ಮಾತನ್ನು ಈಗ ಎತ್ತಲು ಕಾರಣವುಂಟು. ನಮ್ಮ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹವಿದೆಯೆಂದು 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಮೀಕ್ಷೆಯು ಅಂದಾಜು ಮಾಡಿತು. ರಕ್ತದೊತ್ತಡದವರ ಸಂಖ್ಯೆ ಇದಕ್ಕಿಂತಲೂ ದೊಡ್ಡದು. ಇವರೆಲ್ಲ ನಿತ್ಯವೂ ಗುಳಿಗೆ ನುಂಗಬೇಕಾದವರು. ಕೆಲ ದಿನ ತೆಗೆದುಕೊಂಡು ಬಿಟ್ಟುಬಿಡುವಂತಿಲ್ಲ. ಹೀಗೆ ನಿತ್ಯದ ಗುಳಿಗೆಯಿಂದ ಬೇಸತ್ತ ಮನಸ್ಸಿಗೆ ‘ಬರಿಯ ಗಿಡಮೂಲಿಕೆಯದು, ಅಪಾಯವಿಲ್ಲ’ ಎಂಬ ಮಾತು ಸವಿಯಾಗಿ ಕೇಳಿಸುವುದು ಸಹಜ. ಗುಳಿಗೆಯ ಜೊತೆಗೆ ಚೂರ್ಣವೊಂದು ಮನೆಯೊಳಗೆ ಬರುತ್ತದೆ. ಬಂದುದನ್ನು ಡಾಕ್ಟರರಿಗೆ ಯಾರೂ ತಿಳಿಸುವುದಿಲ್ಲ.

ಗಿಡಮೂಲಿಕೆಯಿಂದ ಅಪಾಯವಿಲ್ಲವೆನ್ನುವವರು ತಾವು ದೇಶೀಯ ವೈದ್ಯವನ್ನು ಹೊಗಳಿದೆವೆಂದು ತಿಳಿದಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಹೊಗಳಿಕೆಯಲ್ಲ, ಅವಮಾನ. ಗುಣ ಮಾಡುವ ಶಕ್ತಿಯುಳ್ಳ ಪದಾರ್ಥಕ್ಕೆ ಕೆಡಿಸುವ ಶಕ್ತಿಯೂ ಇರಲೇಬೇಕು. ನಮ್ಮ ಹಿಂದಿನವರು ಇದನ್ನು ಚೆನ್ನಾಗಿ ಅರಿತಿದ್ದರು. ಚರಕಸಂಹಿತೆಯಲ್ಲಿ ವಿರುದ್ಧಾಹಾರದ ವಿಚಾರವು ವಿಸ್ತಾರವಾಗಿ ಬಂದಿದೆ; ಹಿಪ್ಪಲಿ, ಕ್ಷಾರ, ಉಪ್ಪು ಈ ಮೂರನ್ನು ಅತಿಯಾಗಿ ಸೇವಿಸಕೂಡದೆಂಬ ಎಚ್ಚರಿಕೆಯೂ ಅದರಲ್ಲಿದೆ. ಈ ಮೂರರಲ್ಲಿ ಹಿಪ್ಪಲಿಯು ಮೊದಲನೆಯದಾಗಿರುವುದು ಗಮನಿಸತಕ್ಕ ಸಂಗತಿ. ಹಿಪ್ಪಲಿಯಲ್ಲಿಯೂ ಕರಿಮೆಣಸಿನಲ್ಲಿಯೂ ಇರುವ ಪೈಪೆರಿನ್ ಎಂಬ ಸತ್ವವು ಬೇರೆ ಔಷಧಗಳನ್ನು ರಕ್ತದೊಳಗೆ ಹೆಚ್ಚಾಗಿ ಏರಿಸಬಲ್ಲದು. ಜಮ್ಮುವಿನ ಸರಕಾರಿ ಪ್ರಯೋಗಶಾಲೆಯವರು ಇದನ್ನೇ ಉಪಯೋಗಕ್ಕೆ ತಂದರು. ಕ್ಷಯರೋಗದ ರಿಫಾಂಪಿಸಿನ್ ಔಷಧಕ್ಕೆ 10 ಮಿಲಿಗ್ರಾಂ ಪೈಪೆರಿನ್ ಕೂಡಿಸಿದರೆ 450 ಮಿಲಿಗ್ರಾಂ ಬದಲು 200 ಮಿಲಿಗ್ರಾಂ ಸಾಕಾಗುವುದೆಂದು ಅವರು ಕಂಡುಕೊಂಡರು. ಆ ಮಿಶ್ರಣದ ಗುಳಿಗೆಯು 2009ರಲ್ಲಿ ಪೇಟೆಗೆ ಬಂದಿತು. ಬಲ್ಲವರ ಕೈಯಲ್ಲಿ ಇದು ಉಪಕಾರ. ಆದರೆ ಪೂರ್ಣ ಪ್ರಮಾಣದ ಗುಳಿಗೆಯನ್ನು ನುಂಗುತ್ತಿರುವವನು ತನ್ನ ವೈದ್ಯನಿಗೆ ತಿಳಿಸದೆ ತ್ರಿಕಟು ಚೂರ್ಣವನ್ನು ಚಮಚಗಟ್ಟಲೆ ತಿನ್ನತೊಡಗಿದರೆ ಅದೇ ಗುಣವು ಅಪಾಯವಾಗಬಹುದು.

ಕೆಲವು ಮೂಲಿಕೆಗಳ ಕೆಲಸ ಇದಕ್ಕೆ ವಿರುದ್ಧ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ವೈದ್ಯರು 1992ರಲ್ಲಿ ಪ್ರಕಟಿಸಿದ ವೃತ್ತಾಂತವು ನಮ್ಮ ಜಿಲ್ಲೆಯ ಪ್ರತಿಯೊಬ್ಬ ವೈದ್ಯನಿಗೂ ತಿಳಿದಿರಬೇಕು. ಅಪಸ್ಮಾರಕ್ಕೆ ಫೆನಿಟಾಯಿನ್ ಗುಳಿಗೆ ತೆಗೆದುಕೊಂಡು ಸುಖವಾಗಿದ್ದ ಇಬ್ಬರು ರೋಗಿಗಳಿಗೆ ಮೂರ್ಛೆಯು ಮತ್ತೆ ಮರುಕಳಿಸಿತು. ವಿಚಾರಿಸಿದಾಗ ಅವರು ಶಂಖಪುಷ್ಪಿ ಸೇರಿದ ಆಯುರ್ವೇದ ಔಷಧವೊಂದನ್ನೂ ಸೇವಿಸುತ್ತಿದ್ದರೆಂದು ಗೊತ್ತಾಯಿತು. ಇಲಿಗಳ ಮೇಲೆ ಪರೀಕ್ಷಿಸಲಾಗಿ, ಆ ಔಷಧವನ್ನು ಮೇಲಿಂದ ಮೇಲೆ ಕೊಟ್ಟರೆ ರಕ್ತದಲ್ಲಿಯ ಫೆನಿಟಾಯಿನ್ ಪ್ರಮಾಣವು ಇಳಿಯುವುದು ಕಂಡುಬಂದಿತು. ಗುಗ್ಗುಳದ ಸಾರವು ಹೃದಯದ ಬೇನೆಗೆ ಕೊಡುವ ಪ್ರೊಪ್ರನೊಲೋಲ್, ಡಿಲ್ಟಿಯಾಜೆಮ್‌ಗಳನ್ನು ಹಾಗೆಯೇ ಕುಗ್ಗಿಸುವುದೆಂದು 1994ರಲ್ಲಿ ವರದಿಯಾಯಿತು. ಮೂರನೆಯ ಬಗೆಯಲ್ಲಿ ಗುಳಿಗೆಯೂ ಮೂಲಿಕೆಯೂ ಒಂದೇ ಕೆಲಸಕ್ಕೆ ಕೈಹಾಕುತ್ತವೆ. ಹಾಗಲಕಾಯಿಯೂ ಮಧುಮೇಹದ ಗುಳಿಗೆಯೂ ಕೂಡಿ ಸಕ್ಕರೆಯನ್ನು ಎಣಿಕೆಗಿಂತ ಹೆಚ್ಚು ಇಳಿಸಿದ ಸಂಗತಿಯು ಇಂಗ್ಲೆಂಡಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 1979ರಲ್ಲಿಯೇ ಬಂದಿತ್ತು. ಊಟದ ಪಲ್ಯಕ್ಕೆ ಯಾರೂ ಅಂಜಬೇಕಾಗಿಲ್ಲ. ನಿತ್ಯವೂ ಲೋಟಗಟ್ಟಲೆ ಕುಡಿಯುವ ರಸ, ಸಾರ ಇಳಿಸಿದ ಮಾತ್ರೆಗಳ ಮಾತು ಬೇರೆ. ಜ್ಯೇಷ್ಠಮಧುವನ್ನು ಬಹುದಿನ ಸೇವಿಸಿದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಮೂತ್ರ ಹೆಚ್ಚಿಸುವ ಗುಳಿಗೆಯನ್ನೂ ಹೃದಯದ ಡಿಗಾಕ್ಸಿನ್ ಅನ್ನೂ ತೆಗೆದುಕೊಳ್ಳುವವರಿಗೆ ಇದು ಪ್ರಾಣಕ್ಕೆ ಬರುವ ಸಂಗತಿ. ಅಶ್ವಗಂಧವು ಥೈರಾಯ್ಡ್ ರಸವನ್ನು ಏರಿಸಬಹುದು. ನಿದ್ರೆಯ ಗುಳಿಗೆಯ ಮಂಪರನ್ನೂ ಹೆಚ್ಚಿಸಬಹುದು.

ಪದಾರ್ಥವೇ ಬೇರೆಯಾಗಿ ಕೈಸೇರುವ ಅಪಾಯವೂ ಉಂಟು. ಕೊರೋನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯವು ಮನೆಮನೆಯನ್ನು ಹೊಕ್ಕಿತು. 2021ರಲ್ಲಿ ಮುಂಬಯಿಯ ವೈದ್ಯರು ಯಕೃತ್ತಿಗೆ ಪೆಟ್ಟುಬಿದ್ದ ಆರು ಜನ ರೋಗಿಗಳ ಸಂಗತಿಯನ್ನೂ, ಮರುವರ್ಷ ದೇಶದ 13 ಆಸ್ಪತ್ರೆಗಳವರು ಕೂಡಿ ಇಂಥ 43 ಜನರ ಸಂಗತಿಯನ್ನೂ ಪ್ರಕಟಿಸಿದರು. ಆಯುಷ್ ಮಂತ್ರಾಲಯವು ಇದನ್ನು ಒಪ್ಪದೆ, ಅಮೃತಬಳ್ಳಿಯನ್ನು ಹೋಲುವ ಬೇರೊಂದು ಬಳ್ಳಿಯೊಡನೆ ಗೊಂದಲವಾಗಿರಬಹುದೆಂದು ವಾದಿಸಿತು. ಯಾರ ವಾದವು ನಿಂತರೂ ಕೊಳ್ಳುವವನ ಕಷ್ಟವು ತಪ್ಪದು. ಬಳ್ಳಿಯೇ ಯಕೃತ್ತನ್ನು ಕೆಡಿಸಿದ್ದರೆ ಅವನಿಗೆ ಎಚ್ಚರಿಕೆ ಬೇಕಾಗಿತ್ತು. ಬಳ್ಳಿಯ ಗುರುತು ತಪ್ಪಿದ್ದರೆ ಗುರುತು ಹಿಡಿಯುವವರು ಬೇಕಾಗಿತ್ತು. ಅವನಿಗೆ ಎರಡೂ ದೊರೆಯಲಿಲ್ಲ.

ಈ ಅನರ್ಥಗಳ ಬೇರು ಒಬ್ಬರಿಗೊಬ್ಬರು ಹೇಳದಿರುವುದರಲ್ಲಿದೆ. ಮೂಲಿಕೆಯ ಹೆಸರೆತ್ತಿದೊಡನೆ ಗದರಿಸುವ ಡಾಕ್ಟರರ ಮುಂದೆ ರೋಗಿಯು ಬಾಯಿ ಬಿಡುವುದಿಲ್ಲ. ಇಂಗ್ಲಿಷ್ ಔಷಧವೆಲ್ಲ ವಿಷವೆನ್ನುವ ವೈದ್ಯರ ಮುಂದೆ ಗುಳಿಗೆಯ ಚೀಟಿಯನ್ನು ಹೊರತೆಗೆಯುವುದಿಲ್ಲ. ಇಬ್ಬರೂ ಅರ್ಧ ಸಂಗತಿಯ ಮೇಲೆ ಚಿಕಿತ್ಸೆ ನಡೆಸುತ್ತಾರೆ. ಗಡಿಯ ಊರುಗಳಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಗುಳಿಗೆ ಬರೆದವರು ಒಂದು ರಾಜ್ಯದಲ್ಲಿ, ತೊಂದರೆಯಾದಾಗ ನೋಡುವವರು ಇನ್ನೊಂದು ರಾಜ್ಯದಲ್ಲಿ ಇರುತ್ತಾರೆ.

ಕಾಯದೆಯಾದರೂ ಕಾಪಾಡುವುದೇ? ಒಂದೇ ಅಶ್ವಗಂಧವು ಆಯುರ್ವೇದ ಔಷಧವೆಂದು ಮಾರಲ್ಪಟ್ಟರೆ 1940ರ ಔಷಧ ಕಾಯದೆಗೂ, ಪೂರಕ ಆಹಾರವೆಂದು ಮಾರಲ್ಪಟ್ಟರೆ 2006ರ ಆಹಾರ ಕಾಯದೆಗೂ ಒಳಪಡುತ್ತದೆ. ಜಾತ್ರೆಯಲ್ಲಿ ಹಾಳೆಯೊಳಗೆ ಕಟ್ಟಿಕೊಟ್ಟ ಚೂರ್ಣವನ್ನು ಕೇಳುವವರೇ ಇಲ್ಲ. ವತ್ಸನಾಭ, ಕಾಸರಕ, ಭಲ್ಲಾತಕದಂಥ ವಿಷದ್ರವ್ಯಗಳಿಂದಾದ ಔಷಧದ ಮೇಲೆ ‘ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಿರಿ’ ಎಂದು ಎಚ್ಚರಿಸಲೇಬೇಕೆಂಬ ನಿಯಮವುಂಟು. ಆದರೆ ಆ ನಿಯಮವು ಕೇಳುವುದು ಇಂಗ್ಲಿಷ್, ಹಿಂದಿಗಳನ್ನು ಮಾತ್ರ. ಪೂರಕ ಆಹಾರದ ಡಬ್ಬಿಯ ಮೇಲೆ, ಬೇರೆ ಔಷಧಗಳೊಡನೆ ಆಗುವ ಗೊತ್ತಾದ ತೊಂದರೆಗಳನ್ನು ನಮೂದಿಸಬೇಕೆಂದು 2016ರ ನಿಯಮಗಳು ಹೇಳುತ್ತವೆ. ಅಲ್ಲಿಯೂ ಕನ್ನಡವು ಕಡ್ಡಾಯವಲ್ಲ. ಓದಲಾಗದ ಎಚ್ಚರಿಕೆಯನ್ನು ಎಚ್ಚರಿಕೆಯೆಂದು ಹೇಗೆ ಕರೆಯಬೇಕು? ಇನ್ನು ಜಾಹೀರಾತುಗಳ ಮಾತು. ಆಯುರ್ವೇದ ಔಷಧಗಳ ಜಾಹೀರಾತಿಗೆ ಮುಂಗಡ ಅನುಮತಿ ಬೇಕೆಂದು 2018ರಲ್ಲಿ ತಂದ 170ನೆಯ ನಿಯಮವನ್ನು ಕೇಂದ್ರ ಸರಕಾರವೇ 2024ರ ಜುಲೈಯಲ್ಲಿ ತೆಗೆದುಹಾಕಿತು. ಸರ್ವೋಚ್ಚ ನ್ಯಾಯಾಲಯವು ಆಗಸ್ಟಿನಲ್ಲಿ ಅದಕ್ಕೆ ತಡೆ ಕೊಟ್ಟಿತು. 2025ರ ಆಗಸ್ಟಿನಲ್ಲಿ ಆ ಪ್ರಕರಣವನ್ನೇ ಮುಗಿಸಿತು. ಮಧುಮೇಹ ಮೊದಲಾದ ರೋಗಗಳನ್ನು ಗುಣಪಡಿಸುವೆವೆಂಬ ಜಾಹೀರಾತನ್ನು ನಿಷೇಧಿಸುವ 1954ರ ಕಾಯದೆಯು ಇದ್ದೇ ಇದೆ. ಅದನ್ನು ನಡೆಸುವ ಮನಸ್ಸು ಅಧಿಕಾರಿಗಳಲ್ಲಿ ಇರಬೇಕಷ್ಟೆ.

ರಾಜ್ಯ ಸರಕಾರವು ಬೊಕ್ಕಸಕ್ಕೆ ಭಾರವಾಗದಂತೆ ಮಾಡಬಹುದಾದ ಕೆಲಸಗಳುಂಟು. 2024ರಲ್ಲಿ ಕೋಲಾರದಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆಯಂತೆ ಮನೆಮನೆಗೆ ಹೋಗಿ ಸಕ್ಕರೆ, ರಕ್ತದೊತ್ತಡ ನೋಡುವವರು ಒಂದು ಪ್ರಶ್ನೆಯನ್ನು ಹೆಚ್ಚಾಗಿ ಕೇಳಲಿ: ಬೇರೆ ಚೂರ್ಣ, ಕಷಾಯ, ಲೇಹ್ಯವೇನಾದರೂ ನಡೆದಿದೆಯೇ? ಉತ್ತರವನ್ನು ಗದರಿಸದೆ ಬರೆದುಕೊಳ್ಳಲಿ. ಎಚ್ಚರಿಕೆಯ ಮಾತು ಕನ್ನಡದಲ್ಲಿಯೂ ಇರಲೇಬೇಕೆಂದು ಕೇಂದ್ರವನ್ನು ಒತ್ತಾಯಿಸಲಿ. ವಿಜಯಪುರದಲ್ಲಿ ಅಲೋಪಥಿಯ ಕಾಲೇಜೂ ಆಯುರ್ವೇದದ ಕಾಲೇಜೂ ಇವೆ. ಎರಡರ ವಿದ್ವಾಂಸರೂ ಕೂಡಿ, ಯಾವ ಗುಳಿಗೆಯೊಡನೆ ಯಾವ ಮೂಲಿಕೆ ಕೂಡದೆಂಬ ಒಂದು ಹಾಳೆಯ ಪಟ್ಟಿಯನ್ನು ತಯಾರಿಸಿ ಪ್ರತಿ ತಾಲೂಕಿನ ದವಾಖಾನೆಯಲ್ಲಿಯೂ ಔಷಧದಂಗಡಿಯಲ್ಲಿಯೂ ತೂಗಹಾಕಿಸುವುದು ಕಠಿಣವೇನಲ್ಲ.

ಗೃಹಸ್ಥರು ಮಾತ್ರ ಸರಕಾರದ ದಾರಿಯನ್ನು ಕಾಯಬೇಕಾಗಿಲ್ಲ. ವೈದ್ಯರಲ್ಲಿಗೆ ಹೋಗುವಾಗ ಗುಳಿಗೆ, ಚೂರ್ಣ, ಡಬ್ಬಿಗಳೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮುಂದಿಡಬೇಕು. ಚೂರ್ಣವನ್ನು ನೆಚ್ಚಿ ನಿತ್ಯದ ಗುಳಿಗೆಯನ್ನು ತಾವಾಗಿ ನಿಲ್ಲಿಸಕೂಡದು. ಎರಡರ ನಡುವೆ ಎರಡು ತಾಸು ಬಿಟ್ಟರೆ ಸಾಕೆಂಬ ನಂಬಿಕೆಯು ಪೂರ್ಣ ನಿಜವಲ್ಲ. ಇಸಬಗೋಲಿನಂತೆ ಹೊಟ್ಟೆಯೊಳಗೆ ತಡೆಯೊಡ್ಡುವ ಪದಾರ್ಥಕ್ಕೆ ಅದು ಸರಿ, ಯಕೃತ್ತಿನ ಕೆಲಸವನ್ನೇ ಬದಲಿಸುವ ಮೂಲಿಕೆಗೆ ಎಷ್ಟು ತಾಸು ಬಿಟ್ಟರೂ ಸಾಲದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ, ಅಪಸ್ಮಾರ, ಹೃದಯ, ಕ್ಷಯ, ಥೈರಾಯ್ಡ್‌ಗಳ ಔಷಧ ತೆಗೆದುಕೊಳ್ಳುವವರೂ, ಮೂತ್ರಪಿಂಡ ಇಲ್ಲವೆ ಯಕೃತ್ತು ಕೆಟ್ಟವರೂ, ಗರ್ಭಿಣಿಯರೂ, ಮೊಲೆಯೂಡಿಸುವ ತಾಯಂದಿರೂ ಕೇಳದೆ ಏನನ್ನೂ ಸೇವಿಸಕೂಡದು. ಶಸ್ತ್ರಕ್ರಿಯೆ ಗೊತ್ತಾದರೆ ಎರಡು ವಾರ ಮುಂಚೆಯೇ ಇದನ್ನೆಲ್ಲ ತಿಳಿಸಬೇಕು. ಕಣ್ಣು ಹಳದಿಯಾದರೆ, ಮೂತ್ರ ಕಪ್ಪೇರಿದರೆ, ಬೆವರಿ ನಡುಕ ಬಂದರೆ, ಒಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ದವಾಖಾನೆಗೆ ಹೋಗತಕ್ಕದ್ದು. ಔಷಧದಿಂದಾದ ತೊಂದರೆಯನ್ನು 1800-180-3024 ಎಂಬ ಉಚಿತ ದೂರವಾಣಿಗೆ ಯಾರೂ ತಿಳಿಸಬಹುದು.

ದೇಶೀಯ ವೈದ್ಯದ ಮೇಲಿನ ಅಭಿಮಾನವು ಒಳ್ಳೆಯದೇ. ಆ ಅಭಿಮಾನಿಗಳೇ ಮುಂದೆ ಬಂದು, ಪ್ರತಿ ಮೂಲಿಕೆಯ ಗುಣದೋಷಗಳನ್ನು ಪರೀಕ್ಷಿಸಿ ಕನ್ನಡದಲ್ಲಿ ಜನರಿಗೆ ತಿಳಿಸಬೇಕು. ಅಲ್ಲಿಯವರೆಗೆ ಚಡಚಣದ ರೋಗಿಯು ತನ್ನ ಇಬ್ಬರು ವೈದ್ಯರಿಗೂ ಪೂರ್ತಿ ಸಂಗತಿಯನ್ನು ಹೇಳಲಿ. ಕೇಳುವ ವೈದ್ಯರು ಸಿಟ್ಟಾಗದಿರಲಿ.