ಯಂತ್ರಕ್ಕೆ ಮುನ್ನ ರೊಟ್ಟಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿಟ್ಟರು. ಅವರ ಕಾಲದ ಅಡಿಗೆಮನೆಯಲ್ಲಿ ಇದ್ದುದು ಒಂದು ಒಲೆ, ಒಂದು ಒರಳು, ಒಂದು ಬೀಸುವ ಕಲ್ಲು, ನಾಲ್ಕಾರು ಗಡಿಗೆ. ಆದುದರಿಂದ ಗಾದೆಗೆ ಮೂರನೆಯ ಮಾತೊಂದನ್ನು ಸೇರಿಸಬೇಕೆಂದು ಅವರಿಗೆ ತೋರಲಿಲ್ಲ. ಇಂದು ಹೊಸ ಮನೆ ಕಟ್ಟಿದ ಗೃಹಸ್ಥನು ಗೃಹಪ್ರವೇಶದ ಹೋಳಿಗೆ ಅರಗುವ ಮೊದಲೇ ಫ್ರಿಜ್ಜು, ಮಿಕ್ಸರು, ಇಂಡಕ್ಷನ್ ಒಲೆ, ನೀರು ಶೋಧಿಸುವ ಯಂತ್ರ, ಹೊಗೆ ಹೀರುವ ಚಿಮಣಿ ಇವುಗಳ ಮೆರವಣಿಗೆಯನ್ನೇ ಎದುರುಗೊಳ್ಳಬೇಕಾಗಿದೆ. ‘ಅಡಿಗೆಮನೆ ಜೋಡಿಸಿ ನೋಡು’ ಎಂಬುದನ್ನು ನಾವೇ ಗಾದೆಯ ಬಾಲಕ್ಕೆ ಕಟ್ಟಿಕೊಂಡರೆ ಹಿರಿಯರೇನೂ ಮುನಿಯಲಾರರು.

ಚಿತ್ತಾಪುರದ ಸೀಮೆಯಲ್ಲಿ ಮನೆ ಕಟ್ಟುವ ಸಾಮಗ್ರಿಗೆ ಬರವಿಲ್ಲ. ಶಹಾಬಾದಿನ ಫರಸಿಯು ದೂರದೂರದ ಊರುಗಳ ಅಂಗಳಗಳಲ್ಲಿ ಹಾಸಿಕೊಂಡಿದೆ. ವಾಡಿ, ಸೇಡಂಗಳ ಸಿಮೆಂಟು ಎಷ್ಟೋ ನಗರಗಳ ಗೋಡೆಗಳನ್ನು ನಿಲ್ಲಿಸಿದೆ. ಗವಂಡಿಗಳೂ ಕುಶಲರೇ. ಇಲ್ಲಿ ಕೊರತೆಯಿರುವುದು ಒಂದೇ ಒಂದು ಪ್ರಶ್ನೆಗೆ: ಈ ಅಡಿಗೆಮನೆಯಲ್ಲಿ ದಿನವೂ ಕೆಲಸ ಮಾಡುವವರು ಯಾರು, ಮತ್ತು ಅವರು ಮಾಡುವ ಕೆಲಸವೇನು? ನಕ್ಷೆ ಬರೆಯುವಾಗ ಈ ಪ್ರಶ್ನೆಯನ್ನು ಕೇಳುವವರು ವಿರಳ. ಪಡಸಾಲೆಯ ಬಣ್ಣಕ್ಕೆ ಹತ್ತು ಜನರ ಅಭಿಪ್ರಾಯ ಕೇಳುವ ಯಜಮಾನರು, ಅಡಿಗೆಯ ಕಟ್ಟೆಯ ಎತ್ತರವನ್ನು ಅಂಗಡಿಯವನ ಚಿತ್ರಪುಸ್ತಕಕ್ಕೆ ಒಪ್ಪಿಸಿಬಿಡುತ್ತಾರೆ.

ಈಚೆಗೆ ಇಂತಹ ಮನೆಯೊಂದನ್ನು ನೋಡುವ ಸಂದರ್ಭ ಒದಗಿತು. ಅಡಿಗೆಮನೆ ಕನ್ನಡಿಯಂತೆ ಹೊಳೆಯುತ್ತಿತ್ತು. ಯಂತ್ರಗಳೆಲ್ಲವೂ ಗೋಡೆಯ ಗೂಡುಗಳಲ್ಲಿ ವಿರಾಜಮಾನವಾಗಿದ್ದವು. ಆದರೆ ಮನೆಯ ಹಿರಿಯ ತಾಯಿ ಮಾತ್ರ ಹಿತ್ತಲಲ್ಲಿ ತಗಡಿನ ನೆರಳಿನ ಕೆಳಗೆ ಕುಳಿತು ರೊಟ್ಟಿ ಬಡಿಯುತ್ತಿದ್ದರು. ಏಕೆಂದು ಕೇಳಿದಾಗ ಅವರು ನಕ್ಕು, “ಒಳಗಿಂದು ಭಾಳ ಚಂದ ಅದ ತಮ್ಮಾ. ರೊಟ್ಟಿ ಬಡಿಲಕ್ಕ ಜಾಗಾ ಒಂದು ಇಲ್ಲ ನೋಡು” ಎಂದರು. ಆ ನಗೆಯಲ್ಲಿ ದೂರಿರಲಿಲ್ಲ. ಆದರೂ ಆ ಮಾತು ಕೇಳಿದವರು ಯೋಚಿಸಬೇಕಾದಂಥದು. ಬೇಸಗೆಯಲ್ಲಿ ಶಾಖವು 42 ಡಿಗ್ರಿಯನ್ನು ದಾಟುವ ನಾಡು ನಮ್ಮದು. ಆ ಬಿಸಿಲಿನಲ್ಲಿ, ತಗಡಿನ ಕೆಳಗೆ, ಒಲೆಯ ಮುಂದೆ ಕುಳಿತವರ ಪಾಡನ್ನು ವಿವರಿಸಬೇಕಾಗಿಲ್ಲ. ಲಕ್ಷಾಂತರ ವೆಚ್ಚದ ಹೊಸ ಮನೆ ಆಕೆಯನ್ನು ಹೊರಕ್ಕೆ ಕಳುಹಿಸಿತ್ತು.

ಮನೆಯ ವಿಚಾರವೂ ಅಡಿಗೆಯ ವಿಚಾರವೂ ಬೇರೆಬೇರೆಯೆಂದು ನಮ್ಮ ಪೂರ್ವಿಕರು ಭಾವಿಸಿದಂತೆ ತೋರುವುದಿಲ್ಲ. ಕ್ರಿ. ಶ. 1025ರ ಸುಮಾರಿಗೆ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದೊಳಗೆ ವಾಸ್ತುವಿಗೂ ಸ್ಥಳವುಂಟು, ಪಾಕಶಾಸ್ತ್ರಕ್ಕೂ ಸ್ಥಳವುಂಟು. ಒಂದೇ ಗ್ರಂಥದ ಒಂದೇ ಹೊದಿಕೆಯೊಳಗೆ ಕೂಡಿದ್ದ ಈ ಎರಡು ವಿದ್ಯೆಗಳು ಇಂದು ಒಂದೇ ಸೂರಿನ ಕೆಳಗೆ ಕೂಡದಿರುವುದು ವಿಚಿತ್ರವೇ ಸರಿ.

ಪಶ್ಚಿಮದಲ್ಲಿ ಈ ವಿಚಾರಕ್ಕೆ ಹೊಸ ತಿರುವು ಕೊಟ್ಟವರು ಆಸ್ಟ್ರಿಯದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಅವರು 1926ರಲ್ಲಿ ಒಂದು ಪುಟ್ಟ ಅಡಿಗೆಮನೆಯನ್ನು ರೂಪಿಸಿದರು. ಅದರ ಅಗಲ ಸುಮಾರು 1.9 ಮೀಟರು, ಉದ್ದ ಸುಮಾರು 3.4 ಮೀಟರು. ಗೃಹಿಣಿಯು ಎಷ್ಟು ಹೆಜ್ಜೆ ಇಡಬೇಕು, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಲೆಕ್ಕಹಾಕಿ ಒಂದೊಂದು ವಸ್ತುವಿಗೂ ಸ್ಥಳ ಗೊತ್ತುಮಾಡಿದುದು ಅದರ ವೈಶಿಷ್ಟ್ಯ. ಇಂದಿನ ಜೋಡಣೆಯ ಅಡಿಗೆಮನೆಗಳಿಗೆಲ್ಲ ಅದೇ ಮೂಲಮಾತೃಕೆ. ಸ್ವಾರಸ್ಯವೇನೆಂದರೆ, ಅದಕ್ಕೆ ಮೊದಲು ತಾವು ಅಡಿಗೆ ಮಾಡಿದವರೇ ಅಲ್ಲವೆಂದು ಅವರೇ ಮುಂದೆ ಹೇಳಿಕೊಂಡರು. ಅಡಿಗೆ ಬಾರದವರೂ ಒಳ್ಳೆಯ ಅಡಿಗೆಮನೆಯನ್ನು ಯೋಜಿಸಬಲ್ಲರು. ಆದರೆ ಅವರು ಮೊದಲು ಕಣ್ಣಿಟ್ಟು ನೋಡಬೇಕು, ಅಳೆಯಬೇಕು. ನಾವು ಅವರ ಕಟ್ಟೆಗಳನ್ನು ತಂದೆವು, ಅಳೆಯುವ ಶ್ರಮವನ್ನು ಅಲ್ಲಿಯೇ ಬಿಟ್ಟು ಬಂದೆವು. ಅಂಗಡಿಯಿಂದ ಬ್ರೆಡ್ಡು ತರುವವರಿಗಾಗಿ ಹುಟ್ಟಿದ, ನಿಂತು ಕೆಲಸ ಮಾಡುವ ಆ ಅಡಿಗೆಮನೆಯು ಜೋಳದ ನಾಡಿಗೆ ಇದ್ದಕ್ಕಿದ್ದಂತೆ ಒಗ್ಗುವುದಾದರೂ ಹೇಗೆ?

ಗೋದಿಯ ಕಣಕದಂತೆ ಜೋಳದ ಹಿಟ್ಟು ಜಿಗಿಯಾಗಿ ಎಳೆದತ್ತ ಬರುವುದಿಲ್ಲ. ಬಿಸಿನೀರಿನಲ್ಲಿ ನಾದಿ, ಅಂಗೈಯಿಂದ ಬಡಿದು ಬಡಿದು ಅಗಲಿಸಬೇಕು. ಈ ಬಲವು ಭುಜದಿಂದ ಇಳಿಯುವಂಥದು; ಆದುದರಿಂದ ಬಡಿಯುವ ಸ್ಥಳವು ತಗ್ಗಿನಲ್ಲಿರಬೇಕು. ತರಕಾರಿ ಹೆಚ್ಚುವ ಕಟ್ಟೆಯು ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗಿದ್ದರೆ ಸಾಕು. ರೊಟ್ಟಿಯ ಕಟ್ಟೆ ಅದಕ್ಕಿಂತಲೂ ಕೆಳಗಿರಬೇಕು. ಕುಳಿತು ಬಡಿಯುವ ರೂಢಿಯವರಿಗೆ ಗಾಳಿ ಬೆಳಕುಗಳಿರುವ ಕಿಟಕಿಯ ಬಳಿ, ಅಂಗುಲ ಲೆಕ್ಕವಿಡದೆ, ಇಬ್ಬರು ಕೂರುವಷ್ಟು ನೆಲವನ್ನು ಬಿಡಬೇಕು. ಅಲ್ಲಿ ನಮ್ಮ ಫರಸಿಯೇ ಲೇಸು. ನುಣುಪು ಟೈಲಿನಂತೆ ನೀರು ಬಿದ್ದೊಡನೆ ಕಾಲು ಜಾರಿಸುವುದಿಲ್ಲ. ಕಟ್ಟೆಯ ಮೇಲ್ಮೈಗೆ ಮಾತ್ರ ಗ್ರಾನೈಟು ಮೇಲು, ಏಕೆಂದರೆ ಫರಸಿಯು ಸುಣ್ಣದ ಕಲ್ಲು. ಹುಣಿಸೆ ನಿಂಬೆಗಳ ಹುಳಿ ಸೋಕಿದಲ್ಲಿ ಕಲೆ ಉಳಿಯುತ್ತದೆ.

ರೊಟ್ಟಿಗೆ ಸ್ಥಳ ಗೊತ್ತಾದ ಮೇಲೆ ಯಂತ್ರಗಳ ಸರದಿ. ಮೊದಲನೆಯದು ಗ್ಯಾಸಿನ ಒಲೆ. ಮೂರು ನಾಲ್ಕು ಉರಿಗಳನ್ನು ಒತ್ತೊತ್ತಾಗಿ ಜೋಡಿಸಿದ ಒಲೆಯ ಮೇಲೆ ನಮ್ಮ ಅಗಲವಾದ ಹಂಚನ್ನಿಟ್ಟರೆ ಪಕ್ಕದ ಉರಿ ನಿರುಪಯೋಗವಾಗುತ್ತದೆ. ಉರಿಗಳ ನಡುವೆ ಧಾರಾಳ ಅಂತರವಿರುವ ಉಕ್ಕಿನ ಒಲೆಯೇ ಜಾಣರ ಆಯ್ಕೆ. ಅಂಗಡಿಗೆ ಹೋಗುವಾಗ ಮನೆಯ ಹಂಚಿನ ಅಗಲವನ್ನು ದಾರದಲ್ಲಿ ಅಳೆದು ಕೊಂಡೊಯ್ದರೆ ಮಾರುವವನು ನಕ್ಕಾನು, ನಗಲಿ. 14.2 ಕಿಲೋ ಅನಿಲದ ಸಿಲಿಂಡರನ್ನು ಒಲೆಗಿಂತ ಕೆಳಗೆ, ನೆಟ್ಟಗೆ ನಿಲ್ಲಿಸತಕ್ಕದ್ದು. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಆದ್ದರಿಂದ ಅದನ್ನು ಮುಚ್ಚಿದ ಗೂಡಿನಲ್ಲಿ ಅಡಗಿಸುವುದೂ, ಫ್ರಿಜ್ಜಿನ ಮಗ್ಗುಲಲ್ಲಿ ಇಡುವುದೂ ಸಲ್ಲದು. ಗೋಡೆಯ ತಳದಲ್ಲಿ ಗಾಳಿಗೊಂದು ಕಿಂಡಿ ಇರಲೇಬೇಕು.

ಫ್ರಿಜ್ಜು ತಣ್ಣನೆಯ ಪೆಟ್ಟಿಗೆಯೆಂಬುದು ಅರ್ಧಸತ್ಯ. ತನ್ನೊಳಗಿನ ಶಾಖವನ್ನು ಹೊರದಬ್ಬುವ ಯಂತ್ರವದು. ಆ ಶಾಖವೆಲ್ಲ ಅಡಿಗೆಮನೆಗೇ ಬರುತ್ತದೆ. ಬಿಸಿಲು ಕುಡಿದ ಗೋಡೆಗೋ ಒಲೆಗೋ ಒತ್ತಿ ನಿಲ್ಲಿಸಿದರೆ ಅದು ಬಿಡುವಿಲ್ಲದೆ ದುಡಿದು ವಿದ್ಯುತ್ತಿನ ಬಿಲ್ಲನ್ನು ಬೆಳೆಸುತ್ತದೆ. ರೂಢಿಯಂತೆ ಅಡಿಗೆಮನೆಯನ್ನು ಆಗ್ನೇಯ ಮೂಲೆಯಲ್ಲಿ ಕಟ್ಟಿದ್ದರೆ ಅದರ ಪೂರ್ವ ದಕ್ಷಿಣ ಗೋಡೆಗಳು ಬಿಸಿಲಿಗೆ ತೆರೆದಿರುತ್ತವೆ. ಉತ್ತರ ಪಶ್ಚಿಮ ಗೋಡೆಗಳು ಸಾಮಾನ್ಯವಾಗಿ ಮನೆಯ ಒಳಗಿನವು. ಫ್ರಿಜ್ಜಿಗೆ ಆ ಒಳಗೋಡೆಗಳೇ ಯೋಗ್ಯ, ಹಿಂದೆ ನಾಲ್ಕಾರು ಅಂಗುಲ ತೆರಪಿರಲಿ. ಕೊಳ್ಳುವಾಗ 2006ರಿಂದ ಬಳಕೆಗೆ ಬಂದ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂಬುದನ್ನು ಓದಬೇಕು. ಬಾಗಿಲಿನ ಹೂವಿನ ಚಿತ್ರವನ್ನು ಆಮೇಲೆ ನೋಡಬಹುದು. ವಾರಗಟ್ಟಲೆ ಕೆಡದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳನ್ನು ಉಣ್ಣುವ ಮನೆಗೆ ಬೀರುವಿನಷ್ಟು ದೊಡ್ಡ ಫ್ರಿಜ್ಜು ಏತಕ್ಕೆ?

ಇಂಡಕ್ಷನ್ ಒಲೆಯು 2000 ವಾಟಿನದಾದರೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರನ್ನು ಎಳೆಯುತ್ತದೆ. ಅದನ್ನು 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಸಿಕ್ಕಿಸುವುದು ಬೆಂಕಿಗೆ ಆಮಂತ್ರಣ. ಅದಕ್ಕೂ ಮೈಕ್ರೋವೇವಿಗೂ 16 ಆಂಪಿಯರಿನ ಪ್ರತ್ಯೇಕ ಸಾಕೆಟ್ಟು, ತಕ್ಕ ದಪ್ಪದ ತಂತಿ, ನೆಲಕ್ಕೆ ಸರಿಯಾದ ಅರ್ಥಿಂಗ್ ಅವಶ್ಯ. ಗಿಲಾವು ಮುಗಿದ ಮೇಲೆ ಇದನ್ನು ನೆನೆದರೆ ಗೋಡೆಯನ್ನೇ ಒಡೆಯಬೇಕಾಗುತ್ತದೆ. ಮಿಕ್ಸರಿನ ಸಾಕೆಟ್ಟು ನೀರಿನ ತೊಟ್ಟಿಯಿಂದ ದೂರವಿರಲಿ. ಸುಣ್ಣದ ಕಲ್ಲಿನ ನೆಲದ ನೀರು ಗಡಸು. ಅದನ್ನು ಶೋಧಿಸುವ ಆರ್‌ಒ ಯಂತ್ರವು ಗಣನೀಯ ಪಾಲನ್ನು ಹೊರಚೆಲ್ಲುತ್ತದೆ. ಯಂತ್ರವನ್ನು ತೊಟ್ಟಿಯ ಬಳಿಯೇ ಇಟ್ಟು, ಹೊರಬರುವ ನೀರನ್ನು ಕೊಡದಲ್ಲಿ ಹಿಡಿದರೆ ನೆಲ ತೊಳೆಯುವುದಕ್ಕಾದರೂ ಆದೀತು.

ಇಷ್ಟನ್ನೂ ಕಾಗದದ ನಕ್ಷೆಯಲ್ಲಿ ನೋಡಿ ತೀರ್ಮಾನಿಸುವುದು ಕಷ್ಟ. ಅಧ್ಯಾಪಕನಾದ ನನಗೆ ಸೀಮೆಸುಣ್ಣದ ಮೇಲೆ ಸಹಜವಾದ ಪಕ್ಷಪಾತವಿದೆಯೆಂದು ಓದುಗರು ನಗಬಹುದು, ಆದರೂ ಹೇಳುತ್ತೇನೆ. ಗೋಡೆಗಳೆದ್ದು, ತಂತಿಯ ಕೊಳವೆಗಳನ್ನು ಹೂಳುವ ಮುನ್ನ, ಬರಿಯ ನೆಲದ ಮೇಲೆ ಸೀಮೆಸುಣ್ಣದಿಂದ ಒಲೆ, ತೊಟ್ಟಿ, ಫ್ರಿಜ್ಜುಗಳನ್ನು ನಿಜವಾದ ಅಳತೆಯಲ್ಲಿಯೇ ಬರೆಯಿರಿ. ಫ್ರಿಜ್ಜಿನ ಬಾಗಿಲು ತೆರೆಯುವ ಅರ್ಧಚಂದ್ರವನ್ನೂ ಬರೆಯಿರಿ. ಬಳಿಕ ಮನೆಯ ತಾಯಿಯನ್ನೋ ಮಡದಿಯನ್ನೋ, ಒಲೆಯ ಮುಂದೆ ನಿಲ್ಲುವವರು ಯಾರೋ ಅವರನ್ನು, ಅಲ್ಲಿಗೆ ಕರೆದು, ಹಿಟ್ಟು ನಾದಿ ರೊಟ್ಟಿ ಬೇಯಿಸಿ ಬುಟ್ಟಿಗೆ ಹಾಕುವವರೆಗಿನ ಕೆಲಸವನ್ನು ಬರಿಗೈಯಲ್ಲಿ ನಡೆಸಿ ತೋರಿಸಲು ಕೇಳಿರಿ. ಅವರು ಎಲ್ಲಿ ತಡವರಿಸುವರೋ ಅಲ್ಲಿ ಗೆರೆಯನ್ನು ಅಳಿಸಿ ಮತ್ತೊಮ್ಮೆ ಎಳೆಯಿರಿ. ಸೀಮೆಸುಣ್ಣದ ಗೆರೆಯನ್ನು ಅಳಿಸಲು ಒಂದು ಒದ್ದೆ ಬಟ್ಟೆ ಸಾಕು. ಇಟ್ಟಿಗೆಯ ಗೋಡೆಗೆ ಗವಂಡಿಯೇ ಬರಬೇಕು.